ಭೀಮಾ ಹೊಳೆಯಲ್ಲಿ ಕಬ್ಬು ಬೆಳೆದ ವಾರ

ಮಹಾರಾಷ್ಟ್ರದ ಭೀಮಾ ದಂಡೆಯಲ್ಲಿ ದೌಂಡ್‌ನಿಂದ ಇಂದಾಪುರದವರೆಗೆ ಎಲ್ಲೆಲ್ಲಿ ಕಬ್ಬಿದೆ ಅಂತ ಉಪಗ್ರಹ ಚಿತ್ರಗಳಿಂದ ನಾನು ಮಾಡುತ್ತಿರುವ ನಕ್ಷೆ ಈ ವಾರ ಮೊದಲ ಸಲ ಪೂರ್ತಿ ಬಂತು. ಅದರಲ್ಲಿ ಹೊಳೆಯ ಮೇಲೂ ಕಬ್ಬು! ಊರಿಗೆ ವಾಟ್ಸಾಪ್ ಮಾಡಿದೆ. ಅಪ್ಪ ಕೇಳಿದ ಒಂದೇ ಪ್ರಶ್ನೆ: "ಹೊಳ್ಯಾಗ ಕಬ್ಬು ಹಚ್ಯಾರೇನು?"

ನಮ್ಮದು ಇಂಡಿ ತಾಲೂಕು, ಇದೇ ಭೀಮಾ ದಂಡೆ. ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರಾ ಅಂತ ಮನೆಯಲ್ಲಿ ದಿನಾ ಮಾತು. ಪುಣೆಯಲ್ಲಿ ಕೂತು ಮೇಲಿನ ಕಬ್ಬೆಷ್ಟು ನೋಡೋಣ ಅಂತ ಸುಮ್ನೆ ಶುರು ಮಾಡಿದ್ದು.

ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಪುಕ್ಕಟೆ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಐದು ದಿನಕ್ಕೊಂದು ಚಿತ್ರ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಗೆಂಪನ್ನು ವಾಪಸ್ ಕಳಿಸುತ್ತದೆ. ಆ ಎರಡರ ಲೆಕ್ಕವೇ ಎನ್‌ಡಿವಿಐ, ಅಂದರೆ ಹಸಿರಿನ ಅಳತೆ. ಆದರೆ ಡಿಸೆಂಬರಿನ ಒಂದೇ ಚಿತ್ರದಲ್ಲಿ ಜೋಳವೂ ಹಸಿರು, ಕಬ್ಬೂ ಹಸಿರು. ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟರೆ ಗುಟ್ಟು ಬಯಲು. ಹಿಂಗಾರಿ ಜೋಳದ ಎನ್‌ಡಿವಿಐ ಗೆರೆ ಮಾರ್ಚ್‌ಗೆ ನೆಲ ಕಚ್ಚುತ್ತದೆ. ಕಬ್ಬಿನದು ಮೇ ಬಿಸಿಲಲ್ಲೂ ಮೇಲೇ ಇರುತ್ತದೆ.

ಮೊದಲು "ವರ್ಷವಿಡೀ ಹಸಿರಿದ್ದರೆ ಕಬ್ಬು" ಅಂತ ನಿಯಮ ಹಾಕಿದ್ದೆ. ಕೂಳೆ ಕಬ್ಬು ಪೂರಾ ತಪ್ಪಿತು. ಕಾರ್ಖಾನೆಗೆ ಕಡಿದ ಕೂಡಲೇ ಗೆರೆ ದಬಕ್ಕನೆ ಬೀಳುತ್ತದೆ, ಚಿಗುರಿದ ಮೇಲೆ ಮತ್ತೆ ಏರುತ್ತದೆ. ಈಗ ಒಂದು ಬೀಳುವಿಕೆಗೆ ಮಾಫಿ. ಮಳೆಗಾಲದ ಮೋಡಕ್ಕೆ ಸೆಂಟಿನೆಲ್-1 ರೇಡಾರ್ ಸೇರಿಸಿದೆ, ಅದಕ್ಕೆ ಮೋಡ ಅಡ್ಡಿಯಲ್ಲ.

ಇನ್ನು ಹೊಳೆಯ ಕಬ್ಬು. ಅದು ಜಲಪರ್ಣಿ, ನೀರ ಮೇಲೆ ಹಾಸಿಕೊಳ್ಳುವ ಕಳೆ. ಪುಣೆಯ ಕೊಳಚೆ ಮುಳಾ-ಮುಠಾ ಹಿಡಿದು ಭೀಮೆಗೆ ಸೇರುತ್ತದಲ್ಲ, ಅದೇ ಇದಕ್ಕೆ ಗೊಬ್ಬರ. ನಮ್ಮ ಅಪಾರ್ಟ್‌ಮೆಂಟಿನ ಪಾಲೂ ಇದೆ ಅನ್ನಿ.

ವರ್ಷದಲ್ಲಿ ಒಮ್ಮೆಯಾದರೂ ನೀರು ಕಂಡ ಚುಕ್ಕೆಯನ್ನೆಲ್ಲ ಅಳಿಸಿದೆ. ಹೊಳೆ ಸ್ವಚ್ಛ! ಖುಷಿ ಅರ್ಧ ಗಂಟೆ ಇತ್ತು. ಬೇಸಿಗೆಯಲ್ಲಿ ಉಜನಿ ಹಿನ್ನೀರು ಹಿಂದೆ ಸರಿದಾಗ ತೆರೆದ ನೆಲದಲ್ಲಿ ಜನ ಉಳುತ್ತಾರೆ. ಆ ನಿಜವಾದ ಹೊಲಗಳೂ ಅಳಿಸಿಹೋಗಿದ್ದವು. ಅಲ್ಲಿ ಬರುವುದು ಕಬ್ಬಲ್ಲ, ಸಣ್ಣ ಅವಧಿಯ ಬೆಳೆ, ನಿಜ. ಆದರೆ ಮುಂದೆ ಎಲ್ಲ ಬೆಳೆಗಳನ್ನೂ ಗುರುತಿಸಬೇಕೆಂದಿದ್ದೇನೆ.

ಹಾಗಾಗಿ ಹಳೆಯ ನಿಯಮ ತೆಗೆದೆ. ಈಗ ನೀರು ಹೋದ ಮೇಲೆ ಬರಿ ಮಣ್ಣು ಕಂಡು, ಆಮೇಲೆ ಹಸಿರಾದರೆ ಹೊಲ. ನೀರಿನಿಂದ ನೇರ ಹಸಿರಾದರೆ ಜಲಪರ್ಣಿ. ಬರುವ ಭಾನುವಾರ ಉಜನಿ ಹಿನ್ನೀರಿನ ಭಿಗವಣಕ್ಕೆ ಹೋಗಿ ದಂಡೆಯ ಮೇಲೆ ನಿಂತು ನೋಡಬೇಕು. ಮನೆಯಾಕೆಗೆ ಫ್ಲೆಮಿಂಗೋ ತೋರಿಸುತ್ತೇನೆ ಅಂದಿದ್ದೇನೆ.