ಚೌಕಾಸಿ ಮಾಡದ ಗಿರಾಕಿ

ಅಪ್ಪ ಓಡಿಸುತ್ತಿದ್ದ 2012ರ ವ್ಯಾಗನ್ ಆರ್ ಒಂದು ವರ್ಷದಿಂದ ತುಮಕೂರಿನ ನಮ್ಮ ಮನೆ ಮುಂದೆ ಸುಮ್ನೆ ನಿಂತಿತ್ತು. ಹಿಂದಿನ ಬಂಪರಿನಲ್ಲಿ ಅಪ್ಪ ರಿವರ್ಸ್ ತೆಗೆಯುವಾಗ ತೆಂಗಿನ ಮರಕ್ಕೆ ಗುದ್ದಿದ ಗುರುತು. ಮಾರಿಬಿಡೋಣ ಅಂತ ಒಂದು ಭಾನುವಾರ ಆನ್‌ಲೈನಲ್ಲಿ ಫೋಟೋ ಹಾಕಿ 1,90,000 ರೂಪಾಯಿ ಅಂತ ಬರೆದೆ. ಹೇಗೂ ಚೌಕಾಸಿ ಮಾಡ್ತಾರಲ್ಲ ಅಂತ 20 ಸಾವಿರ ಸೇರಿಸಿಯೇ ಬರೆದಿದ್ದೆ.

ಅರ್ಧ ಗಂಟೆಯೊಳಗೆ ಫೋನ್ ಬಂತು. ಹಿಂದಿಯಲ್ಲಿ ಮಾತು. ಮಿಲಿಟರಿಯಲ್ಲಿದ್ದೀನಿ, ಜಮ್ಮುವಿನಿಂದ ಬೆಂಗಳೂರಿಗೆ ವರ್ಗ ಆಗಿದೆ, ಗಾಡಿ ಬೇಕು ಅಂದ. ಬಂಪರ್ ವಿಷಯ ನಾನೇ ಹೇಳಿದೆ. 'ಕೋಯಿ ಬಾತ್ ನಹೀ', ಪರವಾಗಿಲ್ಲ ಅಂದ. ಟೈರು ಎಷ್ಟು ಸವೆದಿದೆ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಏನೂ ಕೇಳಲಿಲ್ಲ. ಒಂದು ರೂಪಾಯಿ ಕಡಿಮೆ ಮಾಡಿ ಅಂತಲೂ ಅನ್ನಲಿಲ್ಲ. ಸೊಪ್ಪಿನ ಕಟ್ಟಿಗೂ ಎರಡು ಮಾತಾಡೋ ಊರು ನಮ್ಮದು. ಆಗಲೇ ಹೊಳೆಯಬೇಕಿತ್ತು ಅಲ್ವಾ? ಹೇಳಿದ ರೇಟು ಪೂರ್ತಿ ಸಿಗುತ್ತೆ ಅನ್ನೋ ಖುಷಿಯಲ್ಲಿ ಹೊಳೆಯಲಿಲ್ಲ. ಅವನು ಯಾವುದೋ ಐಡಿ ಕಾರ್ಡು, ಆಧಾರ್ ಫೋಟೋ ಕಳಿಸಿದ. ನಾನೂ ಆರ್‌ಸಿಯ ಎರಡೂ ಬದಿ ಫೋಟೋ ತೆಗೆದು ಕಳಿಸಿದೆ. (ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಅಂಥ ಫೋಟೋ ತೋರಿಸಿ ಇನ್ಯಾರಿಗೋ ಅದೇ ಕಾರು ಮಾರುವವರೂ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು.)

ಅಡ್ವಾನ್ಸ್ 25 ಸಾವಿರ ಈಗಲೇ ಹಾಕ್ತೀನಿ ಅಂತ ವಾಟ್ಸಾಪಿಗೆ ಕ್ಯೂಆರ್ ಕೋಡ್ ಕಳಿಸಿದ. ಮಿಲಿಟರಿ ಅಕೌಂಟು ಹೀಗೇನೇ, ನೀವು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಜಮಾ ಆಗುತ್ತೆ ಅಂದ. ತೆರೆದೆ. ಮೇಲೆ ಯಾರದೋ ಹೆಸರು, ಕೆಳಗೆ 25,000, ಅದರ ಕೆಳಗೆ ಪಿನ್ ಹಾಕುವ ಜಾಗ. ಎರಡು ಅಂಕಿ ಒತ್ತಿಯೂ ಬಿಟ್ಟಿದ್ದೆ.

ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ದುಡ್ಡು ಕೊಟ್ಟದ್ದು ನೆನಪಾಯಿತು. ಸ್ಕ್ಯಾನ್ ಮಾಡಿದ್ದು ನಾನು, ಪಿನ್ ಒತ್ತಿದ್ದೂ ನಾನು. ಇಡ್ಲಿಯವರು ಫೋನು ಮುಟ್ಟಿರಲೇ ಇಲ್ಲ. ಕೈಯಲ್ಲಿ ಚಟ್ನಿ ಸೌಟು ಹಿಡಿದೇ ನಿಂತಿದ್ದರು. ಪಕ್ಕದ ಪೆಟ್ಟಿಗೆ ಮಾತ್ರ ದುಡ್ಡು ಬಂತು ಅಂತ ಕೂಗಿತ್ತು.

ಬೆರಳು ಹಿಂದೆ ತೆಗೆದೆ. ಅಕೌಂಟ್ ನಂಬರ್ ಕೊಡ್ತೀನಿ, ನೀವೇ ಹಾಕಿ ಅಂದೆ. ಫೌಜಿಯನ್ನೇ ನಂಬಲ್ವಾ ಅಂತ ರೇಗಿದ. ಬ್ಲಾಕ್ ಮಾಡಿದೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಹೋಗಿರಲಿಲ್ಲವಾದ್ದರಿಂದ ಮೋಸದ ಕರೆಗಳ ಬಗ್ಗೆ ತಿಳಿಸೋಕೆ ಇರುವ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ವಿಭಾಗದಲ್ಲಿ ಅವನ ನಂಬರ್ ಮೇಲೆ ದೂರು ಕೊಟ್ಟೆ.

ಮುಂದಿನ ವಾರ ರಾಯಚೂರಿನಿಂದ ಒಬ್ಬರು ಫೋನ್ ಮಾಡಿದರು. ಮೊದಲ ಮಾತೇ 'ರೇಟ್ ಭಾಳ ಆತು ಸರ'. ಜೀವ ಬಂದಂಗಾಯ್ತು! ರಾತ್ರಿ ಬಸ್ಸಿಗೆ ಬಂದರು, ಜೊತೆಗೆ ಮೆಕ್ಯಾನಿಕ್ ಬೇರೆ. ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ನೋಡಿ, ಅಪ್ಪನ ತೆಂಗಿನ ಮರದ ಗುರುತಿಗೇ ಎಂಟು ಸಾವಿರ ಇಳಿಸಿದರು. ಕೊನೆಗೆ 1,68,000ಕ್ಕೆ ಮುಗಿಯಿತು. ದುಡ್ಡು ಹಾಕಿ ಸ್ಕ್ರೀನ್‌ಶಾಟ್ ತೋರಿಸಿದರು. ನಾನು ನನ್ನ ಬ್ಯಾಂಕ್ ಆ್ಯಪ್ ತೆರೆದು, ಬ್ಯಾಲೆನ್ಸ್ ನೋಡಿಯೇ ಗಾಡಿ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿದೆ. ಡೆಲಿವರಿ ಪತ್ರದಲ್ಲಿ ತಾರೀಖಿನ ಜೊತೆ ಸಮಯವನ್ನೂ ಬರೆಸಿದೆ: ಮಧ್ಯಾಹ್ನ 12.40. ಆಮೇಲೆ ಗಾಡಿ ಎಲ್ಲಾದರೂ ಗುದ್ದಿದರೆ ಆರ್‌ಸಿಯಲ್ಲಿ ಹೆಸರಿರುವವರನ್ನೇ ಹುಡುಕಿಕೊಂಡು ಬರುತ್ತಾರೆ. ಅದಕ್ಕೇ ಫಾರಂ 29ನ್ನು ಆರ್‌ಟಿಒಗೆ ಮುಟ್ಟಿಸಲು 14 ದಿನ ಸಮಯವಿದ್ದರೂ ಮರುದಿನವೇ ಹೋಗೋಣ ಅಂದುಕೊಂಡೆ.

ಎಲ್ಲಾ ಸರಿಯಾಗಿ ಮಾಡಿದೆ ಅಂತ ಕಾಫಿ ಹಿಡಿದು ಕೂತಿದ್ದಾಗ ಮೆಸೇಜ್ ಬಂತು. ಶಿರಾ ಕಡೆಯ ಟೋಲಿನಲ್ಲಿ ನನ್ನ ದುಡ್ಡು ಕಟ್ ಆಗಿತ್ತು. ಫಾಸ್ಟ್‌ಟ್ಯಾಗ್ ಗಾಜಿನ ಮೇಲೇ ಉಳಿದಿತ್ತು. ಫೋನ್ ಮಾಡಿದರೆ ಅವರು ನಕ್ಕರು. 'ಇದರಾಗ ಚೌಕಾಸಿ ಮಾಡಂಗಿಲ್ರಿ' ಅಂದು ಇಟ್ಟರು. ಎರಡು ನಿಮಿಷಕ್ಕೆ ನನ್ನ ಫೋನು ಟಿಂಗ್ ಅಂದಿತು. ನಾನು ಏನೂ ಒತ್ತಿರಲಿಲ್ಲ.