ಕೂಲರ್ ದೊಡ್ಡದೇ, ಗಾಳಿಗೆ ದಾರಿ ಎಲ್ಲಿ?

ನಮ್ಮ ಗ್ಯಾರೇಜಿನಲ್ಲಿ ಒಂದು ನಿಯಮ ಇದೆ. ಕಣ್ಣಿಗೆ ಕಾಣುವ ಸಾಮಾನಿಗೆ ಕಸ್ಟಮರ್ ದುಡ್ಡು ಕೊಡುತ್ತಾನೆ, ಕಾಣದ್ದಕ್ಕೆ ಕೊಡುವುದಿಲ್ಲ. ಎಲ್ಲೂ ಬರೆದಿಟ್ಟಿಲ್ಲ, ಓನರ್ ದಿನಾ ಹೇಳುತ್ತಾರೆ ಅಷ್ಟೇ. 34 ರೋ ಆಯಿಲ್ ಕೂಲರ್ (ಇಂಜಿನ್ ಆಯಿಲನ್ನು ಗಾಳಿಯಲ್ಲಿ ತಣಿಸುವ ರೇಡಿಯೇಟರ್, ರೋ ಅಂದರೆ ಅದರ ಕೊಳವೆಗಳ ಸಾಲು), ಹೆಣೆದ ಹೋಸ್, ಹೋಸ್ ಜೋಡಿಸುವ ಕೆಂಪು ನೀಲಿ ಎಎನ್ ಫಿಟ್ಟಿಂಗ್, ಇವೆಲ್ಲ ಬಿಲ್ಲಿನಲ್ಲೂ ಚೆನ್ನಾಗಿ ಕಾಣುತ್ತವೆ, ಫೋಟೋದಲ್ಲೂ ಚೆನ್ನಾಗಿ ಕಾಣುತ್ತವೆ. ಆ ಕೂಲರಿಗೆ ಗಾಳಿ ತಲುಪಿಸುವ ತಗಡಿನ ಡಕ್ಟ್ ಮಾತ್ರ ಬಂಪರ್ ಒಳಗೆ ಕೂತಿರುತ್ತದೆ, ಯಾರಿಗೂ ಕಾಣಲ್ಲ. ಅದಕ್ಕೆ ಎರಡು ದಿನದ ಲೇಬರ್ ಹಾಕಿ ನೋಡಿ, "ತಗಡು ಬಗ್ಗಿಸೋಕೆ ಇಷ್ಟಾ?" ಅಂತ ಮೊದಲು ಕೇಳುವುದು ಕಸ್ಟಮರ್ ಅಲ್ಲ, ನಮ್ಮ ಓನರ್ರೇ.

ನಾವಿರುವುದು ಹೊಸೂರಿನಲ್ಲಿ. ಅತ್ತಿಬೆಲೆ ದಾಟಿದರೆ ಬಂತು. ಬಾಡಿಗೆ ಬೆಂಗಳೂರಿಗಿಂತ ಕಮ್ಮಿ, ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಕೆಎ ನಂಬರಿನವು. ಓನರ್ ತಮಿಳಿನವರು, ಹೆಲ್ಪರ್ ಹುಡುಗನ ಮನೆಮಾತು ತೆಲುಗು, ನಾನು ತಳಿ ಕಡೆಯ ಕನ್ನಡದವನು. ಕೆಲಸ ಯಾವ ಭಾಷೆಯಲ್ಲಾದರೂ ನಡೆಯುತ್ತದೆ, ಬೈಗುಳಕ್ಕೆ ಮಾತ್ರ ಮೂರೂ ಬೇಕು.

ಈ ಗಾಡಿ ಜಪಾನಿನದು. ಎರಡು ಸೀಟು, ವಿ6, ಸೆಕೆಂಡ್ ಹ್ಯಾಂಡ್. ಕಸ್ಟಮರ್ ಸಾಫ್ಟ್‌ವೇರಿನವರು, ಒಳ್ಳೆ ಮನುಷ್ಯ, ಟ್ರ್ಯಾಕ್ ಡೇ ಹುಚ್ಚು, ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹುಚ್ಚು. ಹಿಂದಿನ ಸಲ ಏನೂ ಬದಲಿಸದ ಸ್ಟಾಕ್ ಗಾಡಿಯಲ್ಲಿ ಹೋಗಿದ್ದಾಗ ಆಯಿಲ್ ಟೆಂಪರೇಚರ್ ಏರಿ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಆರ್‌ಪಿಎಂ ಕಟ್ ಮಾಡಿತ್ತಂತೆ. ಅದಕ್ಕೇ ಕೂಲರ್ ಹಾಕಿಸಲು ಬಂದಿದ್ದರು. ನಾನು 25 ರೋ ಸಾಕು, ಉಳಿದ ದುಡ್ಡಿನಲ್ಲಿ ಡಕ್ಟ್ ಮಾಡೋಣ ಅಂದೆ. ಓನರ್ 34 ರೋ ಮಾರಿದರು. ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್, ಅಂದರೆ ಇಂಜಿನ್ನಿನ ಆಯಿಲನ್ನು ಕೂಲರಿಗೆ ತಿರುಗಿಸುವ ಜೋಡಣೆ, ಅದನ್ನು ಮಾತ್ರ ಜಗಳ ಆಡಿ ಹಾಕಿಸಿದೆ. ಅದಿಲ್ಲದಿದ್ದರೆ ಹೊಸೂರಿನ ಚಳಿಯಲ್ಲಿ ಹೈವೇ ಮೇಲೆ ಆಯಿಲ್ 70 ಡಿಗ್ರಿ ದಾಟುವುದೇ ಕಷ್ಟ. ಆಯಿಲ್ ತಣ್ಣಗೇ ಇದ್ದರೆ ಒಳ್ಳೆಯದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದರೊಳಗೆ ಸೇರುವ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೋಗಬೇಕೆಂದರೆ 100ರ ಹತ್ತಿರಕ್ಕಾದರೂ ಬರಬೇಕು. ಪ್ಲೇಟಿನೊಳಗಿನ ಥರ್ಮೋಸ್ಟಾಟ್ 80ರ ಆಸುಪಾಸಿನಲ್ಲಿ ತೆರೆದು ಆಮೇಲೆ ಕೂಲರಿಗೆ ಪೂರ್ತಿ ದಾರಿ ಬಿಡುತ್ತದೆ.

ಕೂಲರ್ ಹಾಕಿದ ಮೇಲೆ ಟ್ರ್ಯಾಕಿಗೆ ಬೆಳಗಿನ ಜಾವ ಹೊರಟೆವು. ಓನರ್ ಪೂಜೆ ಮಾಡಿಸಿದರು. ಚಕ್ರದ ಕೆಳಗೆ ನಿಂಬೆಹಣ್ಣು, ಗ್ರಿಲ್ಲಿಗೆ ಅಡ್ಡವಾಗಿ ಮೊಳಗಟ್ಟಲೆ ಸೇವಂತಿಗೆ. ಕಸ್ಟಮರ್ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಸಲ ರೇಸ್ ಕೊಟ್ಟರು, ನನ್ನ ಹೊಟ್ಟೆ ಉರಿಯಿತು. ರೇಡಿಯೇಟರ್ ನೀರಿನ ಟೆಂಪರೇಚರ್ ಮುಳ್ಳು ಬೇಗ ಮಧ್ಯಕ್ಕೆ ಬರುತ್ತದೆ, ಆಯಿಲ್ ಅಷ್ಟು ಬೇಗ ಬರಲ್ಲ. ನೀರು 90 ಆದಾಗ ಆಯಿಲ್ ಇನ್ನೂ 50, 60ರಲ್ಲೇ ಇರುತ್ತದೆ. ಆಗ ಪ್ರೆಶರ್ ಗೇಜ್ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಖುಷಿಪಡುವವರಿದ್ದಾರೆ. ಮಂದ ಆಯಿಲ್ ಕಷ್ಟಪಟ್ಟು ಹರಿಯುತ್ತಿರುವುದರಿಂದ ಆ ಪ್ರೆಶರ್. ಆಯಿಲ್ 80 ಆಗುವ ತನಕ ಆರ್‌ಪಿಎಂ 3000 ದಾಟಿಸಬೇಡಿ ಸಾರ್ ಅಂದೆ. ಕೃಷ್ಣಗಿರಿ ತನಕ ಕೇಳಿದರು.

ಟ್ರ್ಯಾಕ್ ಇರುವುದು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ. 1990ರಲ್ಲಿ ಶುರುವಾದದ್ದು, ಒಂದು ಸುತ್ತು ಹೆಚ್ಚುಕಮ್ಮಿ 3.7 ಕಿಲೋಮೀಟರ್. ಹೊಸೂರಿನಲ್ಲಿ ಸ್ವೆಟರ್ ಹಾಕಿ ಹೊರಟವನು ಅಲ್ಲಿ ಇಳಿದರೆ ಹತ್ತು ಗಂಟೆಗೇ ಷರ್ಟ್ ಬೆನ್ನಿಗೆ ಅಂಟಿರುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಹೊರಗಿನ ಗಾಳಿಗೇ ತಾನೇ ಅದು ಬಿಸಿ ಕೊಡಬೇಕು? ಗಾಳಿಯೇ 36 ಡಿಗ್ರಿ ಇದ್ದರೆ ಲೆಕ್ಕ ಬೇರೆ. ಯೂರೋಪಿನವರ ವಿಡಿಯೋ ನೋಡಿ ರೋ ಸೈಜ್ ಆರಿಸುವವರು ಇದನ್ನು ಮರೆಯುತ್ತಾರೆ.

ಗಾಳಿಗೆ ಅಡ್ಡ ಅಂತ ಗ್ರಿಲ್ಲಿನ ಹೂವಿನ ಹಾರ ತೆಗೆದದ್ದಕ್ಕೆ ಓನರ್ ಮುಖ ಸಣ್ಣದಾಯಿತು. ತೆಗೆದು ನಾವು ತಂದಿದ್ದ ಓಮ್ನಿ ವ್ಯಾನಿನ ಕನ್ನಡಿಗೆ ಹಾಕಿದೆ.

ಮೊದಲ ಸೆಷನ್ನಿಗೆ ನಾನೂ ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲಿ ಕೂತೆ. ನನ್ನ ಕೆಲಸ ಗೇಜ್ ನೋಡುವುದು. ಗಾಡಿಯಲ್ಲಿ ಆಯಿಲ್ ಟೆಂಪರೇಚರ್ ಗೇಜ್ ಇದೆ, ಪ್ರೆಶರ್ ಗೇಜನ್ನು ನಾವು ಹಾಕಿದ್ದೆವು. ಎರಡೂ ಒಟ್ಟಿಗೆ ನೋಡಬೇಕು. ಬರೀ ಟೆಂಪರೇಚರ್ ನೋಡಿದರೆ ಅರ್ಧ ಕಥೆ. ಪಿಟ್ಟಿನಿಂದ ಹೊರಟ ಮೊದಲ ಸುತ್ತಿನಲ್ಲಿ (ಔಟ್ ಲ್ಯಾಪ್) 92 ಡಿಗ್ರಿ. ಎರಡನೇ ಸುತ್ತಿಗೆ 112. ಸರಿ, ಇದು ನಿರೀಕ್ಷೆ ಮಾಡಿದ್ದೇ. 110, 120 ಒಳ್ಳೆಯ ಸಿಂಥೆಟಿಕ್ ಆಯಿಲಿಗೆ ಏನೂ ಅಲ್ಲ. 34 ರೋ ಇದೆ, 120ಕ್ಕೆ ನಿಲ್ಲುತ್ತದೆ ಅಂದುಕೊಂಡೆ.

ನಿಲ್ಲಲಿಲ್ಲ. ಮೂರನೇ ಸುತ್ತಿನ ಮಧ್ಯೆ 125. ಸ್ಟ್ರೈಟಿನಲ್ಲಿ ಇಳಿಯಬೇಕು ಅಲ್ವಾ, ವೇಗ ಜಾಸ್ತಿ, ಗಾಳಿ ಜಾಸ್ತಿ. ಸ್ಟ್ರೈಟಿನಲ್ಲೂ ಏರುತ್ತಲೇ ಇತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಬಂತು ಕೂಡ. ಆದರೆ ಥರ್ಮೋಸ್ಟಾಟ್ ಈಗ ತಾನೇ ಪೂರ್ತಿ ತೆರೆಯುತ್ತಿರಬಹುದು ಅಂತ ಇನ್ನೊಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಜೊತೆಗೆ ಪಿಟ್ ವಾಲ್ ಹತ್ತಿರ ಓನರ್ ಮೊಬೈಲ್ ಹಿಡಿದು ನಿಂತಿದ್ದಾರೆ, ಹೊಸ ಕೂಲರಿನ ವಿಡಿಯೋ ಬೇಕು ಅವರಿಗೆ. ಕಸ್ಟಮರ್ ಹೆಲ್ಮೆಟ್ ಒಳಗಿಂದಲೇ ಕೂಗಿದರು, "ಇನ್ನೊಂದು ಲ್ಯಾಪ್ ಓಕೆನಾ?" ನಾನು ಹೆಬ್ಬೆರಳು ಎತ್ತಿದೆ.

ಮೊದಲ ತಿರುವು ಸಿ1ಗೆ ಇಳಿಯುವಾಗ ಪ್ರೆಶರ್ ನೋಡಿದೆ. ಮೊದಲ ಸುತ್ತಿನಲ್ಲಿ 5000 ಆರ್‌ಪಿಎಂಗೆ 70 ಪಿಎಸ್ಐ ಇದ್ದದ್ದು ಈಗ 52. ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಅಂತ ನಮ್ಮ ಕಡೆ ಒಂದು ಅಂದಾಜಿದೆ. ಆ ಗೆರೆಯ ಮೇಲೇ ನಿಂತಿದೆ ಮುಳ್ಳು. ತಿರುವು ಮುಗಿಯುವ ಹೊತ್ತಿಗೆ ಒಂದು ಸಲ ನಡುಗಿ ಮೇಲೆ ಬಂತು. ಆ ನಡುಕ ಇದೆಯಲ್ಲ, ಅದು ಈಗಲೂ ಕಣ್ಣ ಮುಂದಿದೆ. ಸಂಪಿನಲ್ಲಿ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಒಂದು ಕಡೆಗೆ ಎರಚಿಕೊಂಡು ಅದನ್ನು ಹೀರುವ ಪಿಕಪ್ ಒಂದು ಕ್ಷಣ ಗಾಳಿ ಕುಡಿದರೆ ಹೀಗೇ ಆಗುವುದು. ಬೇರಿಂಗ್ ಹೋಗಲು ಜಾಸ್ತಿ ಹೊತ್ತು ಬೇಡ. ಬೆಳಿಗ್ಗೆ ಡಿಪ್‌ಸ್ಟಿಕ್ ನಾನೇ ನೋಡಿದ್ದೆ, ಮ್ಯಾಕ್ಸಿಗಿಂತ ಕೂದಲೆಳೆ ಕೆಳಗಿತ್ತು. ಅಂದರೆ ಲೆವೆಲ್ ಸರಿ, ಆಯಿಲ್ ತೆಳ್ಳಗಾಗಿದೆ. ಟೆಂಪರೇಚರ್ 136. ನಾನು ಕೈ ಅಡ್ಡ ಆಡಿಸಿ ಬೇಡ ಬೇಡ ಅಂತ ಹೇಳುವಷ್ಟರಲ್ಲಿ ಇಂಜಿನ್ ತಾನೇ ಕೈಬಿಟ್ಟಿತು. ಆರ್‌ಪಿಎಂ ಮೇಲೆ ಹೋಗುತ್ತಿಲ್ಲ. ಹಿಂದೆ ಒಂದು ಹಳದಿ ಗಾಡಿ ಲೈಟ್ ಹೊಡೆಯುತ್ತಾ ಬರುತ್ತಿದೆ. ಕಸ್ಟಮರ್ ಗಾಬರಿಯಾಗಿ ಬದಿಗೆ ನಿಲ್ಲಿಸಲು ಹೋದರು.

"ನಿಲ್ಲಿಸ್ಬೇಡಿ ಸಾರ್! ಹಜಾರ್ಡ್ ಹಾಕಿ, ಲೈನ್ ಬಿಡಿ, ಗೇರ್ ಮೇಲೆ ಹಾಕಿ!"

ಇದು ಎಲ್ಲರಿಗೂ ತಲೆಗೆ ಹೋಗಬೇಕಾದ ವಿಷಯ. ಬಿಸಿಯಾದ ಗಾಡಿ ನಿಲ್ಲಿಸಿದರೆ ಗಾಳಿ ನಿಲ್ಲುತ್ತದೆ, ಆಫ್ ಮಾಡಿದರೆ ಆಯಿಲ್ ಓಡಾಟವೂ ನಿಲ್ಲುತ್ತದೆ, ಲೋಹದಲ್ಲಿರುವ ಬಿಸಿ ಎಲ್ಲ ನಿಂತ ಆಯಿಲಿಗೇ ಇಳಿಯುತ್ತದೆ. ಟರ್ಬೊ ಗಾಡಿಯಾದರೆ ಇನ್ನೂ ಕೆಟ್ಟದ್ದು. ಪ್ರೆಶರ್ ಪೂರ್ತಿ ಬಿದ್ದಿದ್ದರೆ ಮಾತು ಬೇರೆ, ಆಗ ಕೂಡಲೇ ಆಫ್. ಪ್ರೆಶರ್ ಇದೆ ಅಂದರೆ ದೊಡ್ಡ ಗೇರಿನಲ್ಲಿ 2500 ಹತ್ತಿರ ಮೆಲ್ಲಗೆ ಓಡಿಸುತ್ತಾ ಬರಬೇಕು. ಏಸಿ ಆಫ್, ಹೀಟರ್ ಫುಲ್. ಚೆನ್ನೈ ಬಿಸಿಲಿನಲ್ಲಿ, ಹೆಲ್ಮೆಟ್ ಒಳಗೆ, ಹೀಟರ್ ಫುಲ್! ಉಳಿದ ದಾರಿ ಇಬ್ಬರೂ ಒಂದು ಮಾತೂ ಆಡಲಿಲ್ಲ. ಪಿಟ್ಟಿಗೆ ಬರುವಾಗ 121ಕ್ಕೆ ಇಳಿದಿತ್ತು.

ಅಲ್ಲಿ ಓನರ್ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಾರೆ, ಕೂಲರ್ ಮೇಲೆ ಸುರಿಯಲು. ಹುಡುಗ ಅವರ ಕೈ ಹಿಡಿದುಕೊಂಡ. ನಾನು ಇಳಿಯುವ ಮೊದಲು ಕಸ್ಟಮರಿಗೆ ಹೇಳಿದೆ, ಬ್ರೇಕ್ ಬಿಸಿ ಇದೆ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ.

ಮುಂದಿನ ಅರ್ಧ ಗಂಟೆ ಓನರ್ ಒಂದೇ ಹಟ. 20ಡಬ್ಲ್ಯು-50 ಹಾಕೋಣ, ದಪ್ಪ ಆಯಿಲ್, ಪ್ರೆಶರ್ ನಿಲ್ಲುತ್ತದೆ. ಪ್ರೆಶರ್ ನಿಲ್ಲುತ್ತದೆ ನಿಜ. ಆದರೆ ದಪ್ಪ ಆಯಿಲನ್ನು ಬೇರಿಂಗ್ ಸಂದಿಯಲ್ಲಿ ಅರೆದಾಗ ಅದೇ ಜಾಸ್ತಿ ಬಿಸಿ ಹುಟ್ಟಿಸುತ್ತದೆ. ಮುಳ್ಳಿಗೆ ಸಮಾಧಾನ, ಟೆಂಪರೇಚರ್ ಹಾಗೇ. ಕಂಪನಿ 5ಡಬ್ಲ್ಯು-30 ಹೇಳಿದ ಇಂಜಿನ್, ಟ್ರ್ಯಾಕಿಗೆ ಅಂತ ನಾವು ಆಗಲೇ 5ಡಬ್ಲ್ಯು-40 ಹಾಕಿದ್ದೆವು. 100 ಡಿಗ್ರಿಯಲ್ಲಿ 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ), 40 ಅಂದರೆ 12.5ರಿಂದ 16.3. ಒಂದು ಮೆಟ್ಟಿಲು ಏರಿದ್ದು ಸಾಕು. ಬಿಸಿ ಹೊರಗೆ ಹೋಗದೆ ಇರುವಾಗ ಆಯಿಲ್ ಬದಲಿಸಿ ಏನು ಪ್ರಯೋಜನ?

ಬಿಸಿ ಹೊರಗೆ ಹೋಗುತ್ತಿದೆಯೋ ಇಲ್ಲವೋ ನೋಡುವುದು ಸುಲಭ. ಇನ್‌ಫ್ರಾರೆಡ್ ಗನ್ ಇತ್ತು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಹಿಡಿದರೆ ಸುಳ್ಳು ಹೇಳುತ್ತದೆ, ಕಮ್ಮಿ ತೋರಿಸುತ್ತದೆ. ಕೂಲರಿಗೆ ಹೋಗುವ ಫಿಟ್ಟಿಂಗ್ ಮೇಲೊಂದು, ಬರುವ ಫಿಟ್ಟಿಂಗ್ ಮೇಲೊಂದು ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದೆ. ಕಸ್ಟಮರ್ ಎರಡು ಸುತ್ತು ಓಡಿಸಿ ಬಂದರು, ಬಂದ ಕೂಡಲೇ ಟೇಪ್ ಮೇಲೆ ಗನ್ ಇಟ್ಟೆ. ಒಳಗೆ 114, ಹೊರಗೆ 108. 34 ರೋ ದಾಟಿ ಬಂದ ಆಯಿಲ್ ಕಳೆದುಕೊಂಡದ್ದು ಬರೀ 6 ಡಿಗ್ರಿ. ಓನರ್ ಕೂಲರ್ ಡುಪ್ಲಿಕೇಟ್ ಇರಬಹುದು ಅಂದರು. ತಂದವರು ಅವರೇ.

ಗಾಳಿ ಎತ್ತ ಹೋಗುತ್ತಿದೆ ಅಂತ ನೋಡಲು ಹುಡುಗನಿಗೆ ಐಡಿಯಾ ಬಂದದ್ದು ಆಗ. ಓಮ್ನಿಯಲ್ಲಿ ನೇತಾಡುತ್ತಿದ್ದ ಹಾರದಿಂದ ನೂಲು ಎಳೆದ. ಬೆರಳುದ್ದ ತುಂಡು ಮಾಡಿ ಕೂಲರಿನ ಮುಖದ ಮೇಲೆ, ಅಂಚಿನಲ್ಲಿ, ಮೇಲಿನ ಸಂದಿಯಲ್ಲಿ ಟೇಪ್ ಹಾಕಿ ಅಂಟಿಸಿದೆವು. ಕಸ್ಟಮರಿನ ಆಕ್ಷನ್ ಕ್ಯಾಮೆರಾವನ್ನು ಗ್ರಿಲ್ ಒಳಗೆ ಕೂಲರ್ ಕಡೆಗೆ ಮುಖ ಮಾಡಿ ಕಟ್ಟಿ ಕಳಿಸಿದೆವು. ವಾಪಸ್ ಬಂದ ವಿಡಿಯೋ ನೋಡಿ ಮೂವರೂ ಸುಮ್ಮನಾದೆವು. ಮಧ್ಯದ ನೂಲುಗಳು ಕೂಲರಿನ ಫಿನ್ನುಗಳ (ತೆಳು ತಗಡಿನ ಪಟ್ಟಿಗಳ) ಒಳಕ್ಕೆ ಎಳೆಸಿಕೊಳ್ಳುವುದು ಬಿಟ್ಟು ಸೋಮಾರಿಯಾಗಿ ಒದ್ದಾಡುತ್ತಿವೆ. ಅಂಚಿನವು ನೆಟ್ಟಗೆ ಅಡ್ಡಕ್ಕೆ ಮಲಗಿ ಸಂದಿಯ ಕಡೆಗೆ ಹಾರುತ್ತಿವೆ. ಕೂಲರಿಗೂ ಬಂಪರಿಗೂ ನಡುವೆ ಎರಡು ಬೆರಳು ಜಾಗ ಇತ್ತು, ಮೇಲೆ ಇನ್ನೂ ಜಾಸ್ತಿ. ಜಾತ್ರೆಯಲ್ಲಿ ಗೇಟಿನ ಪಕ್ಕ ಬೇಲಿ ಮುರಿದಿದ್ದರೆ ಗೇಟಿನಲ್ಲಿ ಯಾರು ಸಾಲು ನಿಲ್ಲುತ್ತಾರೆ? ಗಾಳಿಯೂ ಹಾಗೇ ಪಕ್ಕದಿಂದ ಹೋಗುತ್ತಿತ್ತು.

ಡಕ್ಟಿಗೆ ತಗಡು ಬೇಕು, ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಪ್ಯಾಡಕ್ಕಿನಲ್ಲಿ ಎಲ್ಲಿ ತರುವುದು? ಊಟಕ್ಕೆ ಬಿರಿಯಾನಿ ಬಂದಿತ್ತು, ದೊಡ್ಡ ದೊಡ್ಡ ಫಾಯಿಲ್ ಟ್ರೇಗಳಲ್ಲಿ. ಅಡುಗೆಯವರನ್ನು ಕೇಳಿ ಖಾಲಿ ಟ್ರೇ ತೊಳೆದು ಚಪ್ಪಟೆ ಮಾಡಿ, ಎರಡು ಪದರ ಸೇರಿಸಿ, ಗ್ರಿಲ್ ಬಾಯಿಯಿಂದ ಕೂಲರಿನ ನಾಲ್ಕೂ ಅಂಚಿಗೆ ಪೆಟ್ಟಿಗೆ ಥರ ಕೂರಿಸಿದೆವು. ಬಾಯಿ ಚಿಕ್ಕದಿರಲಿ, ಕೂಲರಿನ ಮುಖದ ಮೂರನೇ ಒಂದು ಭಾಗವಾದರೂ ಸಾಕು. ಒಳಗೆ ಹೋದ ಹಾಗೆ ಅಗಲವಾಗುತ್ತಾ ಹೋಗಬೇಕು, ಗಾಳಿ ನಿಧಾನವಾಗಿ ಒತ್ತಡ ಏರುತ್ತದೆ, ಫಿನ್ನಿನೊಳಗೆ ನುಗ್ಗುತ್ತದೆ. ಅಂಚುಗಳ ಸಂದಿಗೆ ಓಮ್ನಿಯಲ್ಲಿದ್ದ ಡೋರ್ ಬೀಡಿಂಗ್ ಕತ್ತರಿಸಿ ತುರುಕಿದೆವು. ಹಿಂದಿನ ಕಡೆ ಬಿಸಿ ಗಾಳಿ ಹೊರಗೆ ಹೋಗಲು ಅಂಡರ್‌ಟ್ರೇಯ, ಅಂದರೆ ಗಾಡಿ ತಳದ ಮುಚ್ಚಳದ, ಒಂದು ಪ್ಯಾನೆಲ್ ಬಿಚ್ಚಿದೆವು. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಎಷ್ಟು ಚಂದದ ಡಕ್ಟ್ ಇದ್ದರೂ ಗಾಳಿ ಒಳಗೆ ಬರಲ್ಲ.

ಮಧ್ಯಾಹ್ನದ ಸೆಷನ್, ಬಿಸಿಲು ಬೆಳಿಗ್ಗೆಗಿಂತ ಜೋರು. ನಾಲ್ಕು ಸುತ್ತು, ಐದು ಸುತ್ತು, ಮುಳ್ಳು 122, 123ರಲ್ಲೇ ಆಡುತ್ತಾ ಇತ್ತು. ಸ್ಟ್ರೈಟಿನಲ್ಲಿ ಮೂರು ನಾಲ್ಕು ಡಿಗ್ರಿ ಇಳಿದು ತಿರುವುಗಳಲ್ಲಿ ಮತ್ತೆ ಏರುತ್ತಿತ್ತು. ಅದು ಇಳಿಯುವುದನ್ನು ನೋಡುವ ಸುಖವೇ ಬೇರೆ. ಟೇಪ್ ಮೇಲೆ ಗನ್ ಇಟ್ಟರೆ ಒಳಗೂ ಹೊರಗೂ 19 ಡಿಗ್ರಿ ವ್ಯತ್ಯಾಸ. ಸಿ1ರ ನಡುಕ ಮತ್ತೆ ಬರಲಿಲ್ಲ. ಆದರೂ ಕಸ್ಟಮರಿಗೆ ಆಯಿಲ್ ಎರಚಿಕೊಳ್ಳದಂತೆ ತಡೆಯುವ ಬ್ಯಾಫಲ್ ಇರುವ ಸಂಪ್ ಬೇಕು ಅಂತ ಹೇಳಿಟ್ಟಿದ್ದೇನೆ. ಮೂರು ಸುತ್ತು ಜೋರಾಗಿ, ಒಂದು ಸುತ್ತು ಮೆಲ್ಲಗೆ ಅಂತಲೂ ಹೇಳಿದ್ದೇನೆ, ಅದನ್ನು ಅವರು ಕೇಳುವುದಿಲ್ಲ. 136 ಕಂಡ ಆ ಆಯಿಲನ್ನು ವಾಪಸ್ ಬಂದ ವಾರವೇ ಇಳಿಸಿ ಫಿಲ್ಟರ್ ಕತ್ತರಿಸಿ ನೋಡಿದೆವು. ಮಡಿಕೆಗಳಲ್ಲಿ ಲೋಹದ ಹೊಳಪು ಇರಲಿಲ್ಲ. ಬಚಾವ್.

ಬಿರಿಯಾನಿ ಟ್ರೇ ತೆಗೆದು ಸರಿಯಾದ ತಗಡಿನ ಡಕ್ಟ್ ಮಾಡಿಕೊಟ್ಟೆ. ಓನರ್ ಅದಕ್ಕೆ ಕಪ್ಪು ಪೌಡರ್ ಕೋಟ್ ಹೊಡೆಸಿ, ನಮ್ಮ ಗ್ಯಾರೇಜಿನ ಸ್ಟಿಕ್ಕರ್ ಅಂಟಿಸಿ, "ಟ್ರ್ಯಾಕ್ ಪ್ಯಾಕೇಜ್" ಅಂತ ಬಿಲ್ ಹಾಕಿದರು. ಕಸ್ಟಮರ್ ಕಮಕ್ ಕಿಮಕ್ ಅನ್ನದೆ ಕೊಟ್ಟರು. ಮೊನ್ನೆ ಇನ್ನೊಂದು ಗಾಡಿಗೆ ಅದೇ ಪ್ಯಾಕೇಜ್ ಆರ್ಡರ್ ಬಂದಿದೆ. ಅದು ಮಿಡ್ ಇಂಜಿನ್ ಗಾಡಿ, ಇಂಜಿನ್ ಇರುವುದು ಸೀಟಿನ ಹಿಂದೆ, ಮುಂದಿನ ಬಂಪರಿನಲ್ಲಿ ಡಕ್ಟ್ ಇಟ್ಟು ಏನು ಮಾಡುವುದು ಅಂತ ಕೇಳಿದರೆ "ಅಡ್ವಾನ್ಸ್ ತಗೊಂಡಾಯ್ತಪ್ಪಾ" ಅನ್ನುತ್ತಾರೆ.