ಒಂದೇ ಗೋಧಿ ಬಿಯರು, ಮೂರು ಸಲ: ಹೊಸ ಬ್ರೂವರ್‌ಗಳ 20 ಲೀಟರ್ ಲಾಗ್

ಕ್ರಾಫ್ಟ್ ಬ್ರೂಯಿಂಗ್ ಕೆಲಸ ಹುಡುಕುವವರು ಸಾಮಾನ್ಯವಾಗಿ ಹತ್ತಾರು ರೆಸಿಪಿ ಹಿಡಿದುಕೊಂಡು ಬರುತ್ತಾರೆ. ಹೆಡ್ ಬ್ರೂವರ್‌ಗೆ ಬೇಕಾದದ್ದು ಬೇರೆ: ಈ ತಿಂಗಳು ಮಾಡಿದ ಬಿಯರನ್ನು ಮುಂದಿನ ತಿಂಗಳೂ ಅದೇ ಅಳತೆಗೆ ತರಲು ಬರುತ್ತದೆಯೇ? ಹಾಗಾಗಿ ಈ ಪ್ರಾಜೆಕ್ಟಿನಲ್ಲಿ ರೆಸಿಪಿ ಒಂದೇ, ಬ್ಯಾಚ್ ಮೂರು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಗೋಧಿ ಬಿಯರಿಗೆ ಬೇಡಿಕೆ ಚೆನ್ನಾಗಿರುವುದರಿಂದ ಜರ್ಮನ್ ಶೈಲಿಯ ಹೆಫೆವೈಝೆನ್ ಆರಿಸಿದ್ದೇವೆ. ತಪ್ಪುಗಳು ಬೇಗ ಎದ್ದು ಕಾಣುವ ಬಿಯರೂ ಹೌದು.

ಮೊದಲೇ ಒಂದು ಮಾತು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಈ ಅಭ್ಯಾಸವೆಲ್ಲ ಪರವಾನಗಿ ಇರುವ ಮೈಕ್ರೋಬ್ರೂವರಿಯ ಪೈಲಟ್ ಕಿಟ್‌ನಲ್ಲಿ ನಡೆಯುತ್ತಿದೆ. ಮನೆಯ ಅಡುಗೆಮನೆಯಲ್ಲಿ ಇದನ್ನು ಮಾಡಬೇಡಿ.

ಲೆಕ್ಕ

ಗುರಿ 12 ಡಿಗ್ರಿ ಪ್ಲೇಟೊ (ವರ್ಟ್, ಅಂದರೆ ಕಾಳಿನಿಂದ ಸೋಸಿದ ಸಿಹಿ ದ್ರವದ ತೂಕದಲ್ಲಿ 12% ಕರಗಿದ ಸಕ್ಕರೆ ಇತ್ಯಾದಿ; ಮುಂದೆ ಗ್ರಾವಿಟಿ ಎನ್ನುವುದು ಇದನ್ನೇ), ಫರ್ಮೆಂಟರಿಗೆ 20 ಲೀಟರ್. ಅಂದರೆ ಸುಮಾರು 2.5 ಕೆಜಿ ಎಕ್ಸ್‌ಟ್ರಾಕ್ಟ್ ಬೇಕು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ತೂಕದ 60% ಹೀಗೆ ಕರಗಿ ಕೈಗೆ ಸಿಗುತ್ತದೆ ಎಂದಿಟ್ಟುಕೊಂಡರೆ 4.2 ಕೆಜಿ: ಗೋಧಿ ಮಾಲ್ಟ್ 2.3, ಪಿಲ್ಸ್‌ನರ್ ಬಾರ್ಲಿ ಮಾಲ್ಟ್ 1.9. ಆರ್‌ಒ ನೀರು 29 ಲೀಟರ್ (ಮ್ಯಾಶ್‌ಗೆ , ಅಂದರೆ ಒಡೆದ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಲು 13.5, ಕಾಳು ತೊಳೆಯಲು 15.5), ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ 5 ಗ್ರಾಂ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) 4% ಆಲ್ಫಾ ಆಮ್ಲ ಇರುವ ಹಾಲರ್‌ಟೌ, 25 ಗ್ರಾಂ, 60 ನಿಮಿಷದ ಕುದಿಗೆ. ಕಹಿ ಸುಮಾರು 12 ಐಬಿಯು. ಯೀಸ್ಟ್ ಗೋಧಿ ಬಿಯರಿನದೇ, ಒಣ ಪ್ಯಾಕೆಟ್ 11 ಗ್ರಾಂ.

ಮ್ಯಾಶ್ 44 ಡಿಗ್ರಿಯಲ್ಲಿ 15 ನಿಮಿಷ, 63ರಲ್ಲಿ 35, 72ರಲ್ಲಿ 20, ಕೊನೆಗೆ 76ಕ್ಕೆ ಏರಿಸಿ ಸೋಸುವುದು. 44ರ ಹಂತವನ್ನು ಬಿಡಬೇಡಿ. ಅಲ್ಲಿ ಬಿಡುಗಡೆಯಾಗುವ ಫೆರುಲಿಕ್ ಆಮ್ಲವನ್ನೇ ಯೀಸ್ಟ್ ಮುಂದೆ ಲವಂಗದ ಘಮವಾಗಿ ಬದಲಿಸುತ್ತದೆ. ಮ್ಯಾಶ್‌ನ ಪಿಎಚ್ 5.62 ಬಂತು; 2.5 ಮಿಲಿ ಲ್ಯಾಕ್ಟಿಕ್ ಆಮ್ಲ ಹಾಕಿದ ಮೇಲೆ 5.43. ಪಿಎಚ್ ನೋಡುವಾಗ ಸ್ಯಾಂಪಲ್ ತಣ್ಣಗಾಗಿರಲಿ, ಬಿಸಿಯಲ್ಲಿ ಓದಿದ ಅಂಕಿ ದಾರಿ ತಪ್ಪಿಸುತ್ತದೆ.

ಬ್ಯಾಚ್ 1: 10.6 ಪ್ಲೇಟೊ, ಸೋಸಲು ಎರಡೂವರೆ ಗಂಟೆ

ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಆದವು, ಕಾರಣಗಳು ಬೇರೆಬೇರೆ.

ಗೋಧಿ, ಬಾರ್ಲಿ ಎರಡನ್ನೂ ಮಿಲ್ಲಿನ 1.2 ಮಿಮೀ ಸಂದಿಯಲ್ಲೇ ಒಡೆದದ್ದು ಮೊದಲನೆಯದು. ಗೋಧಿ ಕಾಳು ಸಣ್ಣದು, ಗಟ್ಟಿ. ಎಷ್ಟೋ ಕಾಳು ಇಡಿಯಾಗಿಯೇ ಇಳಿದಿದ್ದವು. ಗ್ರಾವಿಟಿ ಬೀಳಲು ಅದೇ ಕಾರಣ. ಎರಡನೆಯದು, ಗೋಧಿಗೆ ಸಿಪ್ಪೆ ಇಲ್ಲದಿದ್ದರೂ ಬೇರೆ ಹೊಟ್ಟು ಸೇರಿಸದೆ, ಶುರುವಿನಲ್ಲೇ ಪಂಪ್ ಪೂರ್ತಿ ತೆರೆದದ್ದು. ಕಾಳಿನ ಹಾಸು ಒತ್ತಿಕೊಂಡಿತು. ಮೇಲೆ ಬೂದು ಬಣ್ಣದ, ಚಪಾತಿ ಹಿಟ್ಟಿನಷ್ಟು ಜಿಗುಟಾದ ಪದರ ಕೂತು, ಕೆಳಗೆ ವರ್ಟ್ ನೂಲಿನಂತೆ ಇಳಿಯತೊಡಗಿತು.

ಹೀಗೆ ಕಟ್ಟಿಕೊಂಡರೆ ಮೊದಲು ಪಂಪ್ ನಿಲ್ಲಿಸಿ. ಕಾಳು ತೊಳೆಯಲು ಇಟ್ಟ 76 ಡಿಗ್ರಿ ನೀರಿನಲ್ಲೇ 2 ಲೀಟರ್ ತೆಗೆದು ಕೆಳಗಿನಿಂದ ಮೇಲಕ್ಕೆ ಬಿಡಿ, ಮೇಲಿನ ಐದು ಸೆಂಟಿಮೀಟರನ್ನು ಮಾತ್ರ ಚಾಕುವಿನಿಂದ ಗೀರಿ, ಹತ್ತು ನಿಮಿಷ ಕಾದು ವಾಲ್ವ್ ಕಾಲು ಭಾಗ ತೆರೆಯಿರಿ. ತಳದ ಜಾಲರಿಯವರೆಗೆ ಕೆದಕಿದರೆ ಹಿಟ್ಟೆಲ್ಲ ಕೆಟಲ್‌ಗೆ ಬಂದುಬಿಡುತ್ತದೆ.

ಬ್ಯಾಚ್ 2: ಗ್ರಾವಿಟಿ ಸರಿ, ರುಚಿ ತಪ್ಪು

ಗೋಧಿಯನ್ನು ಬೇರೆಯಾಗಿ 0.9 ಮಿಮೀನಲ್ಲಿ ಒಡೆದು, 200 ಗ್ರಾಂ ಭತ್ತದ ಹೊಟ್ಟು ಸೇರಿಸಿದೆವು. ಅಕ್ಕಿ ಮಿಲ್ಲಿನ ಹೊಟ್ಟಿನಲ್ಲಿ ಧೂಳು ಜಾಸ್ತಿ, ನೀರು ತಿಳಿಯಾಗುವವರೆಗೆ ಬಿಸಿನೀರಲ್ಲಿ ತೊಳೆಯಲೇಬೇಕು. 55 ನಿಮಿಷದಲ್ಲಿ ಸೋಸಿ ಮುಗಿಯಿತು, ಗ್ರಾವಿಟಿ 12.1.

ನಲ್ಲಿ ನೀರು 25 ಡಿಗ್ರಿ ಇದ್ದುದರಿಂದ ಪ್ಲೇಟ್ ಚಿಲ್ಲರ್ ವರ್ಟನ್ನು 28ಕ್ಕಿಂತ ಕೆಳಗೆ ಇಳಿಸಲಿಲ್ಲ. ಉಳಿದದ್ದಕ್ಕೆ ಐಸ್ ನೀರು ಬೇಕಾಯಿತು. ಬೇಸಿಗೆಯಲ್ಲಿ ಇದನ್ನು ಮೊದಲೇ ಸಿದ್ಧ ಮಾಡಿಡಿ.

ಎಡವಿದ್ದು ಫರ್ಮೆಂಟೇಶನ್‌ನಲ್ಲಿ. ಕೂಲಿಂಗ್ ಕ್ಯಾಬಿನೆಟ್ಟಿನ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು. ಡಿಸ್‌ಪ್ಲೇಯಲ್ಲಿ 19, ಬಿಯರಿನ ಒಳಗೆ 24.5. ಯೀಸ್ಟ್ ಭರದಲ್ಲಿರುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಸುತ್ತಲಿನ ಗಾಳಿ ತಂಪಾಗಿದ್ದರೆ ಸಾಲದು. ಲವಂಗ ಮುಚ್ಚಿಹೋಗಿ ಕಳಿತ ಬಾಳೆಹಣ್ಣು, ಅದರ ಹಿಂದೆ ನೇಲ್ ಪಾಲಿಶ್ ವಾಸನೆ. ಅದು ಈಥೈಲ್ ಅಸಿಟೇಟ್. ಕಾದರೆ ಹೋಗುವಂಥದ್ದಲ್ಲ, ಹಾಗಾಗಿ ಬ್ಯಾಚ್ ಚೆಲ್ಲಿದೆವು.

ಐದನೇ ದಿನ ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಸಕ್ಕರೆ ಅಳೆಯುವ ಸಾಧನ) 6.1 ತೋರಿಸಿದ್ದಕ್ಕೆ, ಫರ್ಮೆಂಟೇಶನ್ ನಿಂತಿತೆಂದು ಮತ್ತೊಂದು ಪ್ಯಾಕೆಟ್ ಯೀಸ್ಟ್ ಹಾಕುವ ಯೋಚನೆಯೂ ಬಂತು. ಆಲ್ಕೋಹಾಲ್ ಸೇರಿದ ಮೇಲೆ ಅದರ ಅಂಕಿಯನ್ನು ನೇರವಾಗಿ ನಂಬುವಂತಿಲ್ಲ. ಗ್ಯಾಸ್ ಬಿಡಿಸಿದ ಸ್ಯಾಂಪಲ್‌ನಲ್ಲಿ ಹೈಡ್ರೋಮೀಟರ್ ಇಳಿಬಿಟ್ಟರೆ 2.8.

ಕ್ಲೀನಿಂಗ್: ಕೆಲಸ ಸಿಗುವುದು ಇಲ್ಲಿ

ಮೊದಲ ವರ್ಷದ ಬಹುಪಾಲು ಸಮಯ ಸೆಲ್ಲರಿನಲ್ಲೇ (ಫರ್ಮೆಂಟೇಶನ್ ಟ್ಯಾಂಕುಗಳಿರುವ ಜಾಗ) ಹೋಗುತ್ತದೆ: 25 ಕೆಜಿ ಮೂಟೆ, ಒದ್ದೆ ನೆಲ, ಟ್ಯಾಂಕ್ ತೊಳೆಯುವುದು. ಕ್ರಮ ಹೀಗೆ: ನೀರು, 75 ಡಿಗ್ರಿಯಲ್ಲಿ 2% ಕಾಸ್ಟಿಕ್ ಸೋಡಾ 30 ನಿಮಿಷ, ನೀರು, 1% ಫಾಸ್ಫಾರಿಕ್ ಆಮ್ಲ 20 ನಿಮಿಷ, ನೀರು, ತುಂಬುವ ಮುಂಚೆ 150ರಿಂದ 200 ಪಿಪಿಎಂ ಪೆರಾಸಿಟಿಕ್ ಆಮ್ಲ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಗ್ಲೌಸ್, ಕನ್ನಡಕ ಇಲ್ಲದೆ ಡಬ್ಬದ ಮುಚ್ಚಳ ತೆಗೆಯುವುದೇ ಬೇಡ.

ಇಲ್ಲಿ ಗಮನ ಕೊಟ್ಟು ಓದಿ. ಈಗಷ್ಟೇ ಖಾಲಿಯಾದ ಟ್ಯಾಂಕಿನ ತುಂಬ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದನ್ನು ಹೊರಹಾಕದೆ ಕಾಸ್ಟಿಕ್ ಬಿಟ್ಟರೆ ಗ್ಯಾಸ್ ಕಾಸ್ಟಿಕ್ಕಿನೊಡನೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಕಾಸ್ಟಿಕ್ಕಿನ ಕಸುವು ಹೋಗುವುದು ಒಂದು ನಷ್ಟ. ಒಳಗೆ ನಿರ್ವಾತ ಹುಟ್ಟಿ ಸ್ಟೀಲ್ ಟ್ಯಾಂಕೇ ಒಳಕ್ಕೆ ಕುಸಿಯುವುದು ಇನ್ನೂ ದೊಡ್ಡದು. ಬಿಸಿ ಟ್ಯಾಂಕಿಗೆ ವೆಂಟ್ ಮುಚ್ಚಿ ತಣ್ಣೀರು ಬಿಟ್ಟರೂ ಹೀಗೇ ಆಗುತ್ತದೆ. ಮೊದಲು ಗಾಳಿ ಆಡಿಸಿ, ವೆಂಟ್ ತೆರೆದೇ ಇಡಿ. ತಲೆ ಒಳಗೆ ಹಾಕಿ ಇಣುಕಬೇಡಿ, ಹೊರಗಿನಿಂದಲೇ ಟಾರ್ಚ್ ಬಿಡಿ. ಥರ್ಮೋವೆಲ್‌ನ (ಟ್ಯಾಂಕಿನೊಳಗೆ ಚಾಚಿದ ಥರ್ಮಾಮೀಟರ್ ಕೊಳವೆ) ಹಿಂಬದಿಗೆ ಸ್ಪ್ರೇ ಬಾಲ್‌ನ (ಒಳಗೆ ನೀರು ಚಿಮ್ಮಿಸುವ ಗೋಳ) ನೀರು ತಲುಪುವುದಿಲ್ಲ. ನೊರೆ ಒಣಗಿದ ಕಂದು ಉಂಗುರ ಉಳಿಯುವುದು ಅಲ್ಲೇ.

ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಬ್ರೂಯಿಂಗ್ ಅಂಡ್ ಡಿಸ್ಟಿಲ್ಲಿಂಗ್‌ನ ಪರೀಕ್ಷೆ, ಬರ್ಲಿನ್ನಿನ ಬ್ರೂಯಿಂಗ್ ಸಂಸ್ಥೆ ವಿಎಲ್‌ಬಿಯ ಕೋರ್ಸ್ ಎರಡೂ ಒಳ್ಳೆಯವೇ. ನಮ್ಮ ಸಲಹೆ: ಫೀಸು ಕಟ್ಟುವ ಮೊದಲು ಆರು ತಿಂಗಳು ಸೆಲ್ಲರಿನಲ್ಲಿ ಕೆಲಸ ಮಾಡಿ ನೋಡಿ.

ಬ್ಯಾಚ್ 3: ಆರನೇ ದಿನ

ಸೆನ್ಸರನ್ನು ಫರ್ಮೆಂಟರಿನ ಗೋಡೆಗೆ, ಬಿಯರಿನ ಅರ್ಧ ಎತ್ತರಕ್ಕೆ ಟೇಪ್ ಹಾಕಿ ಅಂಟಿಸಿ, ಮೇಲೆ ಫೋಮ್ ಮುಚ್ಚಿದೆವು. 17 ಡಿಗ್ರಿಯಲ್ಲಿ ಯೀಸ್ಟ್ ಹಾಕಿ, ಮೂರು ದಿನ 19, ಆಮೇಲೆ 21. ದಿನಕ್ಕೊಂದು ಗ್ರಾವಿಟಿ ಓದು: 12.0, 10.7, 6.9, 4.2, 3.1, 2.8, ಇವತ್ತೂ 2.8. ಆಲ್ಕೋಹಾಲ್ ಲೆಕ್ಕಕ್ಕೆ ಸುಮಾರು 4.9%. ಲವಂಗ ಮುಂದೆ, ಬಾಳೆಹಣ್ಣು ಹಿಂದೆ, ಬೇಕಾಗಿದ್ದದ್ದು ಇದೇ.

ತಣ್ಣಗಾಗಿಸುವ ಮೊದಲು ನಾಳೆ ಡೈಅಸಿಟೈಲ್ ಪರೀಕ್ಷೆ. ಎರಡು ಮುಚ್ಚಿದ ಬಾಟಲಿ ಸ್ಯಾಂಪಲ್, ಒಂದನ್ನು 60 ಡಿಗ್ರಿ ನೀರಲ್ಲಿ 30 ನಿಮಿಷ ಇಟ್ಟು ತಣಿಸಿ, ಎರಡನ್ನೂ ಮೂಸುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಇನ್ನೆರಡು ದಿನ 21ರಲ್ಲೇ ಬಿಡುತ್ತೇವೆ. ಬರದಿದ್ದರೆ 2 ಡಿಗ್ರಿಗೆ ಇಳಿಸಿ, ಕೆಗ್‌ಗೆ ತುಂಬಿ, 1.3 ಬಾರ್ ಒತ್ತಡದಲ್ಲಿ ಲೀಟರಿಗೆ ಸುಮಾರು 6.5 ಗ್ರಾಂ ಗ್ಯಾಸ್ ಸೇರಿಸುವುದು.